ಕರ್ಣನನ್ನು ಪ್ರೀತಿಸುತ್ತಲೇ ಅವನ ತಪ್ಪನ್ನು ಒಪ್ಪಬಹುದೇ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ರೈತ. ನಮ್ಮೂರ ಹಬ್ಬದಲ್ಲಿ ಆಡುವ ‘ಕುರುಕ್ಷೇತ್ರ’ ನಾಟಕದಲ್ಲಿ ಹಲವು ವರ್ಷಗಳಿಂದ ಕರ್ಣನ ಪಾತ್ರ ಮಾಡುತ್ತಿದ್ದೇನೆ. ಕುಂತಿ ಬಂದು ಮಗನೇ ಎನ್ನುವ ದೃಶ್ಯದಲ್ಲಿ ಹೆಂಗಸರು, ಗಂಡಸರು ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ಹತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಶಾಲೆಯಲ್ಲಿ ‘ಕೌರವೇಂದ್ರನ ಕೊಂದೆ ನೀನು’ ಪದ್ಯಭಾಗವನ್ನು ಓದಿ ಬಂದು, “ಅಪ್ಪ, ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಕರ್ಣ ಆಡಿದ ಮಾತಿಗೆ ಯಾರು ಹೊಣೆ? ಅದಕ್ಕೂ ಶಾಪವೇ ಕಾರಣವಾ?” ಎಂದು ಕೇಳಿದಳು. ಅವನ ಹಣೆಬರಹ ಹಾಗಿತ್ತು ಎಂದೆ. ಅವಳು ಒಪ್ಪಲಿಲ್ಲ. ಕರ್ಣ ತಪ್ಪಿತಸ್ಥ ಎಂದು ಒಪ್ಪಿಕೊಂಡರೆ ನಾನು ಮುಂದಿನ ಸಲ ಬಣ್ಣ ಹಚ್ಚಿ ಆ ಪಾತ್ರವನ್ನು ಮನಸ್ಸಿಟ್ಟು ಮಾಡುವುದು ಹೇಗೆ? ಅನ್ನ ಹಾಕಿದವನ ಋಣ ತೀರಿಸಿದ್ದು ತಪ್ಪು ಎಂದು ಮಗಳಿಗೆ ಹೇಳಿದರೆ ನಾಳೆ ಅವಳಿಗೆ ಉಪಕಾರ ಸ್ಮರಣೆಯೇ ಬೇಡವಾಗುವುದಿಲ್ಲವೇ?

ಉತ್ತರ: ನಿಮ್ಮ ಕಾಗದದಲ್ಲಿ ಎರಡು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕರ್ಣನ ತಪ್ಪನ್ನು ಒಪ್ಪಿದರೆ ಅವನ ಮೇಲಿನ ಮರುಕ ಹೊರಟುಹೋಗುತ್ತದೆ ಎಂಬುದು ಮೊದಲನೆಯದು. ಅವನ ಋಣಪ್ರಜ್ಞೆಯನ್ನು ಪ್ರಶ್ನಿಸಿದರೆ ಕೃತಜ್ಞತೆಯೆಂಬ ಗುಣಕ್ಕೇ ಬೆಲೆಯಿಲ್ಲದಂತಾಗುತ್ತದೆ ಎಂಬುದು ಎರಡನೆಯದು. ಮೈಸೂರಿನಲ್ಲಿ ಹಳಗನ್ನಡ, ನಡುಗನ್ನಡ ಕಾವ್ಯಗಳ ಪಾಠ ಹೇಳಿದವನಾಗಿ, ಗಮಕ ವಾಚನಗಳಿಗೆ ವ್ಯಾಖ್ಯಾನ ಮಾಡುವವನಾಗಿ ನಾನು ಈ ಪ್ರಶ್ನೆಯನ್ನು ಬಹಳ ಸಲ ಎದುರಿಸಿದ್ದೇನೆ. ಹೆಚ್ಚಾಗಿ ಇದನ್ನು ಕೇಳುವವರು ನಿಮ್ಮ ಮಗಳ ವಯಸ್ಸಿನ ಹುಡುಗಿಯರೇ ಆಗಿರುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಸಭೆಯಲ್ಲಿರುವ ಹಿರಿಯರೊಬ್ಬರು “ಎಲ್ಲ ವಿಧಿ ತಾಯಿ” ಎಂದು ಆ ಹುಡುಗಿಯನ್ನು ಕೂರಿಸಿಬಿಡುತ್ತಾರೆ. ಆ ಉತ್ತರ ಮಕ್ಕಳಿಗೆ ಸಾಲದು. ಕರ್ಣನಿಗೂ ಅದು ಸಾಲುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ಮಗಳು ಕೇಳಿದ್ದು ಸರಿಯಾಗಿಯೇ ಇದೆ. ದ್ಯೂತಸಭೆಯಲ್ಲಿ ಆಡಿದ ಮಾತಿಗೆ ಕರ್ಣನೇ ಹೊಣೆ. ಇದು ಅವನನ್ನು ಇಷ್ಟಪಡದವರು ಹೊರಿಸಿದ ಆರೋಪವಲ್ಲ, ಅವನೇ ಒಪ್ಪಿಕೊಂಡ ಸಂಗತಿ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿದ ಮೇಲೆ, ಕರ್ಣನು ತನ್ನ ನಿರ್ಧಾರವನ್ನು ವಿವರಿಸುತ್ತಾ, ದುರ್ಯೋಧನನನ್ನು ಮೆಚ್ಚಿಸುವುದಕ್ಕಾಗಿ ತಾನು ಪಾಂಡವರಿಗೆ ಕಟುವಾದ ಮಾತುಗಳನ್ನಾಡಿದ್ದೆನೆಂದೂ ಆ ಕೆಲಸಕ್ಕಾಗಿ ಈಗ ಪರಿತಪಿಸುತ್ತಿದ್ದೇನೆಂದೂ ಹೇಳುತ್ತಾನೆ. ಅಲ್ಲಿ ಅವನು ಶಾಪದ ಹೆಸರೆತ್ತುವುದಿಲ್ಲ, ಹುಟ್ಟಿನ ಹೆಸರೆತ್ತುವುದಿಲ್ಲ. ಮಾತು ತನ್ನದು, ಅದನ್ನಾಡಿದ ಉದ್ದೇಶ ಇದು, ಪಶ್ಚಾತ್ತಾಪವೂ ತನ್ನದು ಎನ್ನುತ್ತಾನೆ. ಅವನೇ ಹೊತ್ತುಕೊಂಡ ಹೊಣೆಯನ್ನು ಅವನ ಅಭಿಮಾನಿಗಳಾದ ನಾವು ಅವನ ಹೆಗಲಿನಿಂದ ಇಳಿಸಿ ವಿಧಿಯ ಮೇಲೆ ಹಾಕಿದರೆ ಅವನ ಅತ್ಯಂತ ದೊಡ್ಡ ಗುಣವನ್ನೇ ಅಳಿಸಿದಂತಾಗುತ್ತದೆ. ದಾನಶೂರತ್ವವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಈ ಒಪ್ಪಿಗೆ ಕವಚಕುಂಡಲಗಳ ದಾನಕ್ಕಿಂತ ಕಡಿಮೆಯದೆಂದು ಎಂದೂ ಅನ್ನಿಸಿಲ್ಲ.

ಜನರ ಬಾಯಲ್ಲಿರುವ ಕೆಲವು ನಂಬಿಕೆಗಳನ್ನು ಇಲ್ಲಿ ಪರಿಶೀಲಿಸಬೇಕು. ಕರ್ಣನ ಬಾಳೆಲ್ಲ ಶಾಪಗಳಿಂದ ಕೆಟ್ಟಿತು ಎನ್ನುತ್ತಾರೆ. ಶಾಪಗಳಿದ್ದವು, ನಿಜ, ಆದರೆ ಅವೆಲ್ಲ ಒಂದೇ ಬಗೆಯವಲ್ಲ. ಬ್ರಾಹ್ಮಣನ ಹಸು ಅವನ ಬಾಣಕ್ಕೆ ಸಿಕ್ಕಿ ಸತ್ತದ್ದು ತಿಳಿಯದೆ ಆದ ಅನಾಹುತ; ಯುದ್ಧದಲ್ಲಿ ರಥದ ಗಾಲಿಯನ್ನು ನೆಲ ನುಂಗಲಿ ಎಂಬ ಶಾಪ ಆ ತಪ್ಪಿಗೆ ತೀರ ಹೆಚ್ಚಿನ ದಂಡವೆಂದು ಯಾರಿಗಾದರೂ ಅನ್ನಿಸುತ್ತದೆ. ಪರಶುರಾಮನ ಶಾಪವಾದರೋ ತಾನು ಬ್ರಾಹ್ಮಣನೆಂದು ಕರ್ಣನು ಸುಳ್ಳು ಹೇಳಿ ವಿದ್ಯೆ ಕಲಿತದ್ದರಿಂದ ಬಂದದ್ದು. ಆ ಸುಳ್ಳಿನ ಹಿಂದೆ ಬ್ರಹ್ಮಾಸ್ತ್ರವನ್ನು ಕೇಳಿದಾಗ ದ್ರೋಣನು ಕೊಡಲೊಪ್ಪದ ನೋವಿತ್ತು ಎಂಬುದನ್ನು ಶಾಂತಿಪರ್ವದಲ್ಲಿ ನಾರದನೇ ಹೇಳುತ್ತಾನೆ, ಆದ್ದರಿಂದ ಅದನ್ನು ಬರಿಯ ಮೋಸವೆಂದು ತಳ್ಳಿಹಾಕುವುದೂ ಅನ್ಯಾಯ. ಏನೇ ಇರಲಿ, ಶಾಪಗಳು ಅವನು ಹೇಗೆ ಸತ್ತನೆಂಬುದನ್ನು ವಿವರಿಸುತ್ತವೆಯೇ ಹೊರತು ಸಭೆಯಲ್ಲಿ ಏಕೆ ಹಾಗೆ ಮಾತನಾಡಿದನೆಂಬುದನ್ನು ವಿವರಿಸುವುದಿಲ್ಲ. ಯಾವ ಶಾಪವೂ ಅವನ ನಾಲಗೆಯ ಮೇಲೆ ಆ ಮಾತುಗಳನ್ನಿಡಲಿಲ್ಲ.

ಸ್ವಯಂವರದಲ್ಲಿ ದ್ರೌಪದಿಯು ಸೂತಪುತ್ರನನ್ನು ವರಿಸೆನೆಂದು ಅವಮಾನಿಸಿದಳು, ಅದರ ಸೇಡಿಗೆ ಕರ್ಣನು ಹಾಗೆ ನಡೆದುಕೊಂಡನು ಎಂಬ ಮಾತೂ ಇದೆ. ಪುಣೆಯ ಭಂಡಾರ್‌ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ವಿದ್ವಾಂಸರು 1919ರಿಂದ 1966ರವರೆಗೆ ನೂರಾರು ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಮಹಾಭಾರತದ ಪರಿಷ್ಕೃತ ಪಾಠದ ಮುಖ್ಯಭಾಗದಲ್ಲಿ ದ್ರೌಪದಿಯ ಆ ಮಾತು ಇಲ್ಲ. ಕೆಲವು ಪ್ರತಿಗಳಲ್ಲಷ್ಟೇ ಬರುವುದರಿಂದ ಅವರು ಅದನ್ನು ಹೊರಗಿಟ್ಟಿದ್ದಾರೆ. ಒಂದು ವೇಳೆ ಅವಳು ಹಾಗೆ ಹೇಳಿದ್ದಳೆಂದೇ ಇಟ್ಟುಕೊಳ್ಳೋಣ. ತನಗೆ ಬೇಡವಾದವನನ್ನು ಬೇಡವೆಂದ ಹೆಣ್ಣನ್ನು ತುಂಬಿದ ಸಭೆಯಲ್ಲಿ ಹೀನವಾಗಿ ನುಡಿದು, ಅವಳ ವಸ್ತ್ರವನ್ನು ಸೆಳೆಯಲು ದುಶ್ಶಾಸನನಿಗೆ ಹೇಳುವುದಕ್ಕೆ ಅದು ಸಮರ್ಥನೆಯಾಗುವುದೇ? ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುತ್ತಿರುವ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಕರ್ಣನಿಗಾದ ಅನ್ಯಾಯವನ್ನು ಕಡಿಮೆ ಮಾಡಿ ಹೇಳುವುದೂ ಸರಿಯಲ್ಲ. ಹುಟ್ಟಿದ ಕೂಡಲೇ ಹೊಳೆಯ ಪಾಲಾದ ಮಗು ಅವನು. ಹಸ್ತಿನಾವತಿಯ ರಂಗದಲ್ಲಿ ಬಿಲ್ಲಿನ ಚಮತ್ಕಾರವನ್ನು ತೋರಿದಾಗ ಕೃಪಾಚಾರ್ಯನು ಅವನ ಕುಲವನ್ನು ಕೇಳಿದನು. ಮುಪ್ಪಿನ ಅಧಿರಥನು ಅಲ್ಲಿಗೆ ಬಂದಾಗ, ಅಂಗರಾಜ್ಯದ ಅಭಿಷೇಕಜಲದಿಂದ ಇನ್ನೂ ಒದ್ದೆಯಾಗಿದ್ದ ತಲೆಯನ್ನು ಕರ್ಣನು ಆ ಸಾರಥಿ ತಂದೆಯ ಪಾದಕ್ಕೆ ಬಾಗಿಸಿದನು. ಅದನ್ನು ಕಂಡ ಭೀಮನು ಚಾವಟಿ ಹಿಡಿಯುವುದೇ ನಿನ್ನ ಕುಲಕ್ಕೆ ತಕ್ಕದ್ದೆಂದು ಹೀಯಾಳಿಸಿದನು. ಕುಂತಿ ಅಲ್ಲಿಯೇ ಇದ್ದಳು, ಮಗನನ್ನು ಗುರುತಿಸಿದಳು, ಬಾಯಿ ಬಿಡಲಿಲ್ಲ. ಹುಟ್ಟಿನ ಗುಟ್ಟು ಭೀಷ್ಮನಿಗೂ ತಿಳಿದಿತ್ತೆಂಬುದು ಅವನು ಶರಶಯ್ಯೆಯಲ್ಲಿ ಮಲಗಿದ ಮೇಲಷ್ಟೇ ಹೊರಬರುತ್ತದೆ. ಹೀಗೆ ಹೊಣೆಗಾರರು ಹಲವರು. ಆದರೆ ನಾವು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಜಮೀನು ಪಾಲಾಗುವಾಗ ಹಕ್ಕುದಾರರು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕುಗ್ಗುತ್ತದೆ. ತಪ್ಪಿನ ಹೊಣೆ ಹಾಗೆ ಗುಂಟೆಗಳ ಲೆಕ್ಕದಲ್ಲಿ ಹಂಚಿಹೋಗುವುದಿಲ್ಲ. ಕುಂತಿಯ ಮೌನಕ್ಕೆ ಕುಂತಿ ಪೂರ್ತಿ ಹೊಣೆ, ಭೀಮನ ಕೊಂಕಿಗೆ ಭೀಮ ಪೂರ್ತಿ ಹೊಣೆ, ಸಭೆಯಲ್ಲಿನ ಮಾತಿಗೆ ಕರ್ಣನೂ ಪೂರ್ತಿ ಹೊಣೆ. ಒಬ್ಬರ ಮೇಲೆ ಹೊರಿಸಿದ್ದರಿಂದ ಇನ್ನೊಬ್ಬರದು ಹಗುರಾಗದು.

ಈಗ ಋಣದ ಮಾತಿಗೆ ಬರೋಣ. ನಿಮ್ಮ ಆತಂಕದ ತಿರುಳು ಇದೇ ಎಂದು ನನಗನ್ನಿಸುತ್ತದೆ. ದುರ್ಯೋಧನನ ಸ್ನೇಹ ನಿಜವಾದದ್ದೇ ಆಗಿತ್ತು. ಹತ್ತನೆಯ ಶತಮಾನದ ಪಂಪನ ‘ವಿಕ್ರಮಾರ್ಜುನ ವಿಜಯ’ ಕಾವ್ಯದಲ್ಲಿ ಕರ್ಣನು ಕೃಷ್ಣನಿಗೆ ಒಂದು ಪ್ರಸಂಗವನ್ನು ಹೇಳುತ್ತಾನೆ: ದುರ್ಯೋಧನನ ಹೆಂಡತಿ ಭಾನುಮತಿಯೊಂದಿಗೆ ನೆತ್ತ (ಪಗಡೆ) ಆಡಿ ಗೆದ್ದು ಪಣಕ್ಕಾಗಿ ಪೀಡಿಸುವಾಗ ಅವಳ ಮುತ್ತಿನ ಹಾರ ಹರಿದು ಚೆಲ್ಲಿತು, ಅದನ್ನು ಕಂಡ ದುರ್ಯೋಧನನು ಕಿಂಚಿತ್ತೂ ಅನುಮಾನಪಡದೆ ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದನು. ಅಂಥವನನ್ನು ಬಿಟ್ಟು ನಿಮ್ಮನ್ನು ಸೇರಿದರೆ ನಾನು ಕೀಳುಮನುಷ್ಯನಾಗುವುದಿಲ್ಲವೇ ಎನ್ನುತ್ತಾನೆ ಕರ್ಣ. ಇಷ್ಟು ನಂಬಿಕೆಯಿಟ್ಟ ಗೆಳೆಯನನ್ನು ಯುದ್ಧದ ಹೊಸ್ತಿಲಲ್ಲಿ ಕೈಬಿಡಲಿಲ್ಲವೆಂದು ಅವನನ್ನು ದೂರುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಅವನು ರಾಜ್ಯವನ್ನು ಬೇಡವೆಂದದ್ದು ದುರ್ಯೋಧನನೊಬ್ಬನಿಗಾಗಿ ಅಲ್ಲ ಎಂಬುದನ್ನೂ ಮಗಳಿಗೆ ಹೇಳಿ. ತನ್ನನ್ನು ಕಂಡೊಡನೆ ಸಾಕುತಾಯಿ ರಾಧೆಯ ಎದೆಯಲ್ಲಿ ಹಾಲು ತುಂಬಿತು, ತನ್ನ ಮಲಮೂತ್ರವನ್ನು ಬಳಿದವಳು ಅವಳು, ಅವಳಿಗೆ ಪಿಂಡ ತಪ್ಪಿಸಲಾರೆ ಎಂದು ವ್ಯಾಸರ ಕರ್ಣ ಹೇಳುವ ಭಾಗವನ್ನು ಓದುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.

ಆದರೆ ಯುದ್ಧದಲ್ಲಿ ಜೊತೆ ನಿಲ್ಲುವುದು ಬೇರೆ, ಗೆಳೆಯನ ನೀಚ ಕೆಲಸಕ್ಕೆ ದನಿಗೂಡಿಸುವುದು ಬೇರೆ. ಈ ವ್ಯತ್ಯಾಸವನ್ನು ತೋರಿಸಲು ವ್ಯಾಸರು ಅದೇ ಸಭೆಯಲ್ಲಿ ಒಬ್ಬನನ್ನು ಎಬ್ಬಿಸಿ ನಿಲ್ಲಿಸಿದ್ದಾರೆ, ಅವನು ವಿಕರ್ಣ. ದುರ್ಯೋಧನನ ಸ್ವಂತ ತಮ್ಮನಾದ ಅವನು ದ್ರೌಪದಿಯನ್ನು ಗೆದ್ದದ್ದು ನ್ಯಾಯವಲ್ಲವೆಂದು ಎಲ್ಲರೆದುರು ಹೇಳಿದನು. ಅವನನ್ನು ಜರೆದು ಬಾಯಿ ಮುಚ್ಚಿಸಿದವನು ದುರ್ಯೋಧನನಲ್ಲ, ಕರ್ಣ. ಅದೇ ವಿಕರ್ಣ ಮುಂದೆ ಅಣ್ಣನ ಪಕ್ಷದಲ್ಲಿಯೇ ಹೋರಾಡಿ ಭೀಮನ ಕೈಯಲ್ಲಿ ಸತ್ತನು, ಕೊಂದ ಭೀಮನೇ ಅವನಿಗಾಗಿ ಮರುಗಿದನು. ಎಂದರೆ ಋಣವನ್ನೂ ಉಳಿಸಿಕೊಂಡು, ಅನ್ಯಾಯವನ್ನು ಅನ್ಯಾಯವೆಂದು ಹೇಳುವ ದಾರಿ ಆ ಸಭೆಯಲ್ಲಿ ಇತ್ತು. ಅದನ್ನು ತುಳಿದವನೊಬ್ಬ ಕರ್ಣನ ಕಣ್ಣೆದುರಿಗೇ ನಿಂತಿದ್ದನು. ದುರ್ಯೋಧನನ ಮಲತಮ್ಮ ಯುಯುತ್ಸು ಪಕ್ಷವನ್ನೇ ಬಿಟ್ಟು ಪಾಂಡವರನ್ನು ಸೇರಿದನು, ಒಡಹುಟ್ಟಿದವರನ್ನೆಲ್ಲ ಕಳೆದುಕೊಂಡು ಬದುಕುವುದು ಅವನ ಪಾಲಿಗೆ ಬಂತು. ಬಲರಾಮನು ಎರಡೂ ಕಡೆ ಬೇಡವೆಂದು ತೀರ್ಥಯಾತ್ರೆಗೆ ಹೊರಟನು, ಯುದ್ಧದ ಗತಿಯನ್ನು ತಿದ್ದುವ ಅವಕಾಶವನ್ನೂ ಕಳೆದುಕೊಂಡನು. ಯಾವ ದಾರಿಯೂ ಸುಖದ್ದಲ್ಲ. ಹಾಗಾಗಿ ಕರ್ಣನಿಗೆ ಬೇರೆ ದಾರಿಯೇ ಇರಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಇದ್ದ ದಾರಿಗಳೆಲ್ಲ ಬೆಲೆ ಕೇಳುತ್ತಿದ್ದವು ಎನ್ನುವುದು ಸರಿಯಾದ ಮಾತು. ಉಪಕಾರ ಮಾಡಿದವನಿಗೆ ದುಡಿಮೆಯನ್ನು ಕೊಡಬಹುದು, ಜೀವವನ್ನೂ ಕೊಡಬಹುದು, ಅವನನ್ನು ಮೆಚ್ಚಿಸಲು ಮೂರನೆಯವರ ಮಾನವನ್ನು ತೆಗೆದುಕೊಡಲು ಬರುವುದಿಲ್ಲ ಎಂದು ಮಗಳಿಗೆ ಹೇಳಿದರೆ ಉಪಕಾರ ಸ್ಮರಣೆಗೆ ಯಾವ ಕುಂದೂ ಬಾರದು.

ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು ಎಂಬ ಭೇದವೂ ಇಲ್ಲಿ ಮುಖ್ಯ. ಗ್ರೀಕರ ಈಡಿಪಸ್ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದದ್ದು ಅವರಾರೆಂದು ತಿಳಿಯದೆ. ಸತ್ಯ ಅವನಿಗೆ ಗೊತ್ತಾಗುವುದು ಎಲ್ಲ ಮುಗಿದ ಮೇಲೆ. ಕರ್ಣನಿಗೆ ಸತ್ಯ ತಿಳಿಯುವುದು ಬಾಳಿನ ನಡುವೆ, ಸಭೆಯ ಘಟನೆಯ ನಂತರ, ಯುದ್ಧಕ್ಕೆ ಮೊದಲು. ಆದ್ದರಿಂದ ಅವನ ಬಾಳಿನ ಎರಡು ಭಾಗಗಳನ್ನು ಒಂದೇ ರೀತಿ ತೂಗಲಾಗದು. ದ್ರೌಪದಿ ತನ್ನ ತಮ್ಮಂದಿರ ಹೆಂಡತಿಯೆಂಬುದು ಅವನಿಗೆ ಆಗ ಗೊತ್ತಿರಲಿಲ್ಲವಲ್ಲ ಎಂದು ಕೆಲವರು ಅವನ ಪರ ವಾದಿಸುತ್ತಾರೆ. ನೆಂಟಸ್ತಿಕೆ ಗೊತ್ತಿದ್ದರೆ ಮಾತ್ರ ತಪ್ಪಾಗುವ ಕೆಲಸವಲ್ಲ ಅದು; ಅಪರಿಚಿತಳಾದರೂ ತಪ್ಪೇ. ಇನ್ನು ಅಭಿಮನ್ಯುವಿನ ಪ್ರಸಂಗದಲ್ಲಿ ಅಜ್ಞಾನದ ಆಸರೆಯೂ ಇಲ್ಲ. ಆ ಹುಡುಗ ತನ್ನ ತಮ್ಮನ ಮಗನೆಂದು ತಿಳಿದಿದ್ದೇ ದ್ರೋಣನ ಸೂಚನೆಯಂತೆ ಕರ್ಣನು ಅವನ ಬಿಲ್ಲನ್ನು ಕತ್ತರಿಸಿದನು. ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲೆನೆಂದು ಕುಂತಿಗೆ ಕೊಟ್ಟ ಮಾತನ್ನು ಅವನು ಅಕ್ಷರಶಃ ಉಳಿಸಿಕೊಂಡನು. ಕೈಗೆ ಸಿಕ್ಕಿದ ಭೀಮನನ್ನು, ನಕುಲನನ್ನು, ಸಹದೇವನನ್ನು, ಧರ್ಮರಾಯನನ್ನು ಕೊಲ್ಲದೆ ಬಿಟ್ಟನು. ಆ ಮಾತಿನಲ್ಲಿ ಮೊಮ್ಮಗನ ಹೆಸರಿರಲಿಲ್ಲ.

ಎಲ್ಲರೂ ಚರ್ಚಿಸದೆ ಬಿಡುವ ಇನ್ನೊಂದು ಆಯ್ಕೆಯಿದೆ, ಅದು ಅವನ ಮೌನ. ತನ್ನ ಹುಟ್ಟನ್ನು ಯುಧಿಷ್ಠಿರನಿಗೆ ತಿಳಿಸಬೇಡವೆಂದು ಕರ್ಣನು ಕೃಷ್ಣನನ್ನು ಕೇಳಿಕೊಳ್ಳುತ್ತಾನೆ. ತಿಳಿದರೆ ಧರ್ಮರಾಯನು ರಾಜ್ಯವನ್ನು ಸ್ವೀಕರಿಸುವುದಿಲ್ಲ. ತನಗೆ ಬಂದರೆ ತಾನದನ್ನು ದುರ್ಯೋಧನನಿಗೇ ಕೊಟ್ಟುಬಿಡುತ್ತೇನೆ. ಧರ್ಮಾತ್ಮನೇ ರಾಜನಾಗಲಿ ಎಂಬುದು ಅವನು ಕೊಡುವ ಕಾರಣ. ಎಷ್ಟು ಉದಾತ್ತವಾದ ಕಾರಣ! ಆದರೆ ಆ ಮೌನವನ್ನು ಯಾವ ವಿಧಿಯೂ ಅವನ ಮೇಲೆ ಹೇರಲಿಲ್ಲ. ತಾನು ಕುಂತಿಯ ಹಿರಿಯ ಮಗನೆಂದು ಅವನು ದುರ್ಯೋಧನನಿಗಾದರೂ ಹೇಳಿದ್ದರೆ ಗೆಳೆಯನ ನಂಬಿಕೆ ಮುರಿಯುವ ಭಯವಿತ್ತು, ದ್ರೋಹಿಯೆಂಬ ಹೆಸರು ಬರುವ ಭಯವಿತ್ತು. ತಾನು ನೆಚ್ಚಿದ ವೀರ ಪಾಂಡವರ ಅಣ್ಣನೆಂದು ತಿಳಿದ ದುರ್ಯೋಧನನು ಯುದ್ಧದ ಬಗ್ಗೆ ಮತ್ತೊಮ್ಮೆ ಯೋಚಿಸುವ ಸಾಧ್ಯತೆಯೂ ಇತ್ತು. ಮುಂದೆ ಏನಾಗುತ್ತಿತ್ತೆಂದು ಕಾವ್ಯ ಹೇಳುವುದಿಲ್ಲ, ನಾವೂ ಊಹಿಸುವುದು ಬೇಡ. ಸೋಲು ಖಚಿತವೆಂದು ಕೃಷ್ಣನೆದುರು ಒಪ್ಪಿಕೊಂಡವನು ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಗೆಳೆಯನನ್ನು ರಣಕ್ಕೆ ಹೋಗಗೊಟ್ಟನು ಎಂಬುದಷ್ಟು ಕಾವ್ಯದಲ್ಲಿದೆ. ಕಳಂಕವಿಲ್ಲದ ಸ್ವಾಮಿನಿಷ್ಠೆ ಎಂದು ನಾವು ಹಾಡಿ ಹೊಗಳುವುದರ ಒಳಗೆ ಇಂಥ ಬಿರುಕುಗಳಿವೆ. ಅವುಗಳಿಂದಲೇ ಅವನು ನನಗೆ ಹತ್ತಿರದವನಾಗುತ್ತಾನೆ.

ನಿಮ್ಮ ಮಗಳ ಪಾಠದ ಪದ್ಯಕ್ಕೆ ಬರುತ್ತೇನೆ. ಕುಮಾರವ್ಯಾಸನ ಕರ್ಣನು “ಕೌರವೇಂದ್ರನ ಕೊಂದೆ ನೀನು” ಎಂದು ಕೃಷ್ಣನಿಗೆ ಹೇಳುವುದನ್ನು ಓದಿ, ಅವನು ತನ್ನ ಹೊಣೆಯನ್ನು ಕೃಷ್ಣನ ಮೇಲೆ ಹಾಕುತ್ತಿದ್ದಾನೆ ಎಂದು ಬರೆಯುವ ವಿದ್ಯಾರ್ಥಿಗಳಿದ್ದಾರೆ. ಅದು ಅರ್ಧ ಸತ್ಯ. ಹೊರೆದ ದಾತಾರನಿಗೆ, ಎಂದರೆ ಸಾಕಿದ ಒಡೆಯನಿಗೆ, ಹಗೆಗಳ ತಲೆಯನ್ನರಿದು ಒಪ್ಪಿಸುವ ಭರದಲ್ಲಿದ್ದವನಿಗೆ, ಆ ಹಗೆಗಳು ತನ್ನ ಒಡಹುಟ್ಟುಗಳೆಂದು ತಿಳಿದ ಕೂಡಲೇ ಆ ಭರ ಕುಸಿಯಿತು. ಕರ್ಣನ ಭರವನ್ನೇ ನೆಚ್ಚಿದ್ದ ಕೌರವ ಅಲ್ಲಿಗೇ ಸತ್ತಂತಾದನು. ಅದಕ್ಕೇ “ತನ್ನ ವಂಶವನರುಹಿ ಕೊಂದನು” ಎಂದು ಅವನು ಮನಸ್ಸಿನಲ್ಲಿ ಮರುಗುತ್ತಾನೆ. ಕೃಷ್ಣನ ಮೇಲಿನ ದೂರು ಅಷ್ಟಕ್ಕೇ ನಿಲ್ಲುತ್ತದೆ. ಮುಂದೆ ತಾನೇನು ಮಾಡುವೆನೆಂದು ಹೇಳುವಾಗ ಅವನು ಯಾರನ್ನೂ ದೂರುವುದಿಲ್ಲ: ರಣದಲ್ಲಿ ಕೌರವನ ಋಣವನ್ನು ತೀರಿಸುತ್ತೇನೆ, ಒಡೆಯನಿಗಾಗಿ ಶರೀರವನ್ನು ನೂಕುತ್ತೇನೆ, “ನಿನ್ನಯ ವೀರರೈವರ ನೋಯಿಸೆನು” ಎಂದು ಸೂರ್ಯನಾಣೆಯಿಟ್ಟು ನುಡಿಯುತ್ತಾನೆ. ಎರಡು ಋಣಗಳನ್ನು ಒಟ್ಟಿಗೆ ಹೊತ್ತು, ಅವೆರಡೂ ಕೂಡಿ ತೀರಲಾರವೆಂದು ತಿಳಿದೂ ತನ್ನ ತೀರ್ಮಾನವನ್ನು ತನ್ನದೆಂದೇ ಹೇಳುವ ಈ ಮನುಷ್ಯನನ್ನು ವಿಧಿಯ ಕೈಗೊಂಬೆ ಎನ್ನಲು ಸಾಧ್ಯವೇ?

ಕೊನೆಗೆ ನಿಮ್ಮ ಪಾತ್ರದ ಮಾತು. ಮಂಡ್ಯ ಸೀಮೆಯಲ್ಲಿ ‘ಕುರುಕ್ಷೇತ್ರ’ವನ್ನು ಜನ ಎಷ್ಟು ಪ್ರೀತಿಯಿಂದ ಆಡುತ್ತಾರೆ, ಬೆಳಗಿನವರೆಗೆ ಕುಳಿತು ನೋಡುತ್ತಾರೆ ಎಂಬುದನ್ನು ನಾನು ಬಲ್ಲೆ, ಆದ್ದರಿಂದ ಇದನ್ನು ಸಣ್ಣ ವಿಷಯವೆಂದು ಎಣಿಸುವುದಿಲ್ಲ. ಸಭೆಯ ದೃಶ್ಯದಲ್ಲಿ ಕರ್ಣನ ಮಾತುಗಳನ್ನು ಕತ್ತರಿಸಿ ಅವನನ್ನು ನಿರಪರಾಧಿಯನ್ನಾಗಿ ತೋರಿಸಬಹುದು; ಹಾಗೆ ಮಾಡಿದರೆ ಗಾಲಿ ಹೂತ ಹೊತ್ತಿನಲ್ಲಿ ಅವನು ಧರ್ಮದ ಮಾತೆತ್ತಿದಾಗ, ದ್ರೌಪದಿಯನ್ನು ಎಳೆತಂದ ದಿನ ನಿನ್ನ ಧರ್ಮ ಎಲ್ಲಿತ್ತು ಎಂದು ಕೃಷ್ಣ ಕೇಳುವ ಪ್ರಶ್ನೆಗೆ ಬುಡವೇ ಇಲ್ಲವಾಗಿ, ಕೃಷ್ಣನೊಬ್ಬ ಕಪಟಿಯಾಗಿ ಕಾಣುತ್ತಾನೆ. ಅಟ್ಟಹಾಸ ಮಾಡಿ ಅವನನ್ನು ದುಷ್ಟನನ್ನಾಗಿಯೂ ತೋರಿಸಬಹುದು. ಆಗ ಕುಂತಿಯ ದೃಶ್ಯದ ಕಣ್ಣೀರು ಸುಳ್ಳಾಗುತ್ತದೆ. ನನ್ನ ಸಲಹೆ ಎರಡನ್ನೂ ಉಳಿಸಿಕೊಳ್ಳಿ ಎಂಬುದು. ಸಭೆಯಲ್ಲಿ ಆ ಮಾತುಗಳನ್ನಾಡುವಾಗ ನಿಮ್ಮ ಕಣ್ಣು ದ್ರೌಪದಿಯ ಮೇಲಿರದೆ ದುರ್ಯೋಧನನ ಮುಖದ ಮೇಲಿರಲಿ, ಅವನನ್ನು ಮೆಚ್ಚಿಸುವುದಕ್ಕಾಗಿ ಆಡಿದ ಮಾತೆಂದು ನೋಡುವವರಿಗೆ ತಿಳಿಯಲಿ. ಕೃಷ್ಣನೊಂದಿಗಿನ ದೃಶ್ಯದಲ್ಲಿ ಪಶ್ಚಾತ್ತಾಪದ ಎರಡು ಮಾತುಗಳನ್ನು ಸೇರಿಸಲು ಸಾಧ್ಯವೇ ಎಂದು ತಾಲೀಮಿನ ಹೊತ್ತಿಗೇ ನಾಟಕದ ಮೇಷ್ಟ್ರನ್ನು ಕೇಳಿ. ಗಾಲಿಯ ದೃಶ್ಯದಲ್ಲಿ ಕೃಷ್ಣನ ಪ್ರಶ್ನೆಗಳಿಗೆ ಎದುರುತ್ತರದ ಹಾಡು ಬೇಡ. ವ್ಯಾಸಭಾರತದ ಪ್ರಚಲಿತ ಪಾಠದಲ್ಲಿ ಅವನು ನಾಚಿಕೆಯಿಂದ ತಲೆ ತಗ್ಗಿಸುತ್ತಾನೆ, ಉತ್ತರ ಕೊಡುವುದಿಲ್ಲ. ಇದರಲ್ಲೊಂದು ನಷ್ಟವಿದೆ, ಅದನ್ನು ಮುಚ್ಚಿಡಬಾರದು: ಹಾಡಿಗೆ ಬರುವ ಒನ್ಸ್ ಮೋರ್ ಅಲ್ಲಿ ಬರುವುದಿಲ್ಲ, ನಿಮ್ಮ ಕರ್ಣನನ್ನು ಹಳೆಯ ರೀತಿಯಲ್ಲೇ ನೋಡಬೇಕೆಂದು ಬಂದವರಲ್ಲಿ ಕೆಲವರಿಗೆ ಬೇಸರವೂ ಆದೀತು.

ಮಗಳಿಗೆ ಒಂದು ಸೂಚನೆ. ಪರೀಕ್ಷೆಯಲ್ಲಿ ಪಾಠದ ಪದ್ಯದಲ್ಲಿರುವ ಸಂಗತಿಗಳನ್ನೇ ಬರೆಯಲಿ. ಐವರನ್ನೂ ನೋಯಿಸೆನೆಂದು ಕೃಷ್ಣನಿಗೆ ಹೇಳುವವನು ಕುಮಾರವ್ಯಾಸನ ಕರ್ಣ, ನಾಲ್ವರನ್ನು ಕೊಲ್ಲೆನೆಂದು ಕುಂತಿಗೆ ಮಾತು ಕೊಡುವವನು ವ್ಯಾಸರ ಕರ್ಣ, ಮುತ್ತಿನ ಪ್ರಸಂಗವನ್ನು ಹೇಳುವವನು ಪಂಪನ ಕರ್ಣ. ಮೂವರನ್ನೂ ಒಂದೇ ಉತ್ತರದಲ್ಲಿ ಬೆರೆಸಿದರೆ ಅಂಕ ಹೋಗುತ್ತದೆ. ಸೇರಿಸಲೇಬೇಕೆನ್ನಿಸಿದರೆ ಯಾರ ಕಾವ್ಯದಲ್ಲಿದೆ ಎಂದು ಹೆಸರು ಹೇಳಿಯೇ ಬರೆಯಲಿ.